ಇನ್ನಾಸಪ್ಪ ಮೇಷ್ಟ್ರಿಗಾಗಿ ಮಾಡಿದ ತಪ್ಪುಗಳು

ಇನ್ನಾಸಪ್ಪ ಮೇಷ್ಟ್ರು ಬಾಟಲಿಯ ನೀರನ್ನು ಪೂರ್ತಿ ಕುಡಿದು ಮುಗಿಸಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಕೊನೆಯ ಒಂದೆರಡು ಗುಟುಕು ಉಳಿಸಿಕೊಂಡು, ತಾವು ನಿಂತ ನೆಲದ ಮೇಲೆ ಸುರಿದು, ಅದು ಯಾವ ಕಡೆಗೆ ಹರಿಯುತ್ತದೆಂದು ನೋಡುತ್ತಿದ್ದರು. ಶಾಲೆಯ ಅಂಗಳ, ಬಸ್ ಸ್ಟಾಪು, ಮದುವೆ ಛತ್ರದ ಬಾಗಿಲು, ಎಲ್ಲಾದರೂ ಸರಿ. ಪಕ್ಕದಲ್ಲಿ ನಾವಿದ್ದರೆ ಸುರಿಯುವ ಮೊದಲು ಕೇಳುತ್ತಿದ್ದರು: “ಎತ್ಲಾಗ್ ಹೋಗುತ್ತೆ ಹೇಳ್ರೋ.” ನಾವು ಒಬ್ಬೊಬ್ಬರು ಒಂದೊಂದು ದಿಕ್ಕು ಹೇಳುತ್ತಿದ್ದೆವು. ನೀರು ನಾವ್ಯಾರೂ ಹೇಳದ ದಿಕ್ಕಿಗೆ ಹೊರಟುಬಿಡುತ್ತಿತ್ತು. “ನೋಡ್ದಾ, ನಿನ್ ಕಣ್ಣು ಇದು ಸಮ ಅಂತು, ನೀರು ಅಲ್ಲ ಅಂತು. ಈಗ ಯಾರ ಮಾತು ನಂಬ್ತೀಯ?” ಎನ್ನುತ್ತಾ ಖಾಲಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ಮೈಸೂರಿನ ಲಕ್ಷ್ಮೀಪುರಂ ಹತ್ತಿರದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಅವರು ನಮಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದರು. ಗಿಡ್ಡ ಆಳು, ತೆಳ್ಳಗಿನ ಮೈ, ಮೊಣಕೈವರೆಗಿನ ಬಿಳಿ ಅಂಗಿ. ಪ್ಯಾಂಟನ್ನು ಹೊಟ್ಟೆಯ ಮೇಲಕ್ಕೆ ಏರಿಸಿ ಕಟ್ಟಿದ ಬೆಲ್ಟು. ಇಗ್ನೇಷಿಯಸ್ ಎಂಬ ಸಂತರ ಹೆಸರು ನಮ್ಮ ಕಡೆಯ ಹಳೇ ಕ್ರೈಸ್ತ ಮನೆಗಳಲ್ಲಿ ಇನ್ನಾಸಪ್ಪ ಆಗಿದೆ. ಅವರ ತಾತನಿಗಿದ್ದ ಹೆಸರು ಮೊಮ್ಮಗನಿಗೆ ಬಂದಿತ್ತು. ಹೊಸದಾಗಿ ಬಂದ ಮಕ್ಕಳು ಆ ಹೆಸರಿಗೆ ನಗುತ್ತಿದ್ದರು. ಒಂದು ತಿಂಗಳಾದ ಮೇಲೆ ನಗುತ್ತಿರಲಿಲ್ಲ.

ಸಮಾಜ ವಿಜ್ಞಾನ ಎಂದರೆ ಇತಿಹಾಸ, ಪೌರನೀತಿ, ಅರ್ಥಶಾಸ್ತ್ರ, ಭೂಗೋಳ ಎಲ್ಲವೂ ಸೇರಿದ್ದು. ಆದರೆ ಅವರ ಪಕ್ಷಪಾತ ಎಲ್ಲರಿಗೂ ಗೊತ್ತಿತ್ತು. ಪೌರನೀತಿಯನ್ನು ಜ್ವರದ ಮಾತ್ರೆ ನುಂಗಿದ ಹಾಗೆ ಮುಗಿಸುತ್ತಿದ್ದರು. ಇತಿಹಾಸದ ಯುದ್ಧಗಳನ್ನು ಹೇಳುವಾಗಲೂ ಯಾರು ಗೆದ್ದರು ಎನ್ನುವುದಕ್ಕಿಂತ ಸೈನ್ಯ ಯಾವ ಹೊಳೆ ದಾಟಿತು, ಯಾವ ತಿಂಗಳಲ್ಲಿ ದಾಟಿತು ಎನ್ನುವುದರ ಮೇಲೇ ಅವರ ಕಣ್ಣು. ಭೂಗೋಳದ ಪಾಠ ಬಂತೆಂದರೆ ಮನುಷ್ಯ ಬೇರೆಯೇ. ಕುರ್ಚಿ ಬಿಟ್ಟು ಏಳುತ್ತಿದ್ದರು, ದನಿ ಎತ್ತರವಾಗುತ್ತಿತ್ತು, ಬೆಲ್ ಹೊಡೆದದ್ದು ಕೇಳಿಸುತ್ತಿರಲಿಲ್ಲ. ಮುಂದಿನ ಪೀರಿಯಡ್ಡಿನ ಮೇಡಂ ಬಾಗಿಲಲ್ಲಿ ನಿಂತು ಕೆಮ್ಮಬೇಕಾಗಿತ್ತು.

ನಾನು ಎಂಟನೇ ತರಗತಿಗೆ ಆ ಶಾಲೆ ಸೇರಿದಾಗ ಓದಿನಲ್ಲಿ ಹಿಂದಿದ್ದೆ. ಅಪ್ಪ ಗೂಡ್ಸ್ ಆಟೋ ಓಡಿಸುತ್ತಿದ್ದರು. ಎಸ್ಸೆಸ್ಸೆಲ್ಸಿ ಆದಮೇಲೆ ನಾನು ಅಗ್ರಹಾರದಲ್ಲಿದ್ದ ಸೋದರತ್ತೆಯ ಹೊಲಿಗೆ ಅಂಗಡಿಯಲ್ಲಿ ಕೂರುವುದೆಂದು ಮನೆಯಲ್ಲಿ ಮಾತಾಗಿತ್ತು. ನನಗೆ ಅದರ ಬಗ್ಗೆ ಬೇಸರವಿರಲಿಲ್ಲ, ಆಸೆಯೂ ಇರಲಿಲ್ಲ. ಶಾಲೆ ಎಂದರೆ ಅಲ್ಲಿಯವರೆಗೆ ಕಾಲ ಕಳೆಯುವ ಜಾಗ ಎಂದುಕೊಂಡಿದ್ದೆ.

ಆ ವರ್ಷದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಮೇಷ್ಟ್ರು ನಮ್ಮನ್ನೆಲ್ಲ ಮಳೆಯಲ್ಲೇ ರಸ್ತೆಗೆ ಕರೆದುಕೊಂಡು ಹೋದರು. ಶಾಲೆಯ ಮುಂದಿನ ರಸ್ತೆ ನಡುವೆ ಕೊಂಚ ಉಬ್ಬಾಗಿತ್ತು. ನನ್ನನ್ನು ಆ ಉಬ್ಬಿನ ಮೇಲೆ ನಿಲ್ಲಿಸಿ, ಒಂದು ಕಾಲು ಈ ಕಡೆ, ಒಂದು ಕಾಲು ಆ ಕಡೆ ಇಡು ಎಂದರು.

“ನಿನ್ ಬಲಗಾಲ್ ಮೇಲೆ ಬಿದ್ದ ಹನಿ ಉತ್ತರದ ಕಡೆ ಮೋರಿ ಹಿಡ್ಕೊಂಡು ಕಾವೇರಿಗೆ ಹೋಗುತ್ತೆ. ಎಡಗಾಲ್ ಮೇಲೆ ಬಿದ್ದಿದ್ದು ದಕ್ಷಿಣಕ್ಕೆ ಇಳಿದು ಕಪಿಲೆಗೆ ಹೋಗುತ್ತೆ. ಒಂದೇ ಮೋಡದಿಂದ ಬಂದವು, ನಿನ್ ಕಾಲ್ ಸಂದೀಲಿ ಬೇರೆಯಾದವು. ಮತ್ತೆ ಯಾವಾಗ ಸೇರ್ತವೆ ಗೊತ್ತಾ? ನರಸೀಪುರದಲ್ಲಿ.”

ನಾನು ನನ್ನ ಎರಡು ಒದ್ದೆ ಚಪ್ಪಲಿಗಳನ್ನು ನೋಡುತ್ತಾ ನಿಂತೆ. ನರಸೀಪುರ ನನ್ನ ಅಮ್ಮನ ತವರು. ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ. ನಾನು ನಿಂತ ರಸ್ತೆಗೂ ಅಲ್ಲಿಯ ಹೊಳೆಗೂ ನಂಟಿದೆ ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಮಾರನೇ ದಿನದಿಂದ ನಾನು ಮುಂದಿನ ಬೆಂಚಿಗೆ ಬಂದು ಕೂತೆ. ನಕ್ಷೆಯ ಅಳತೆ ತಿಳಿಯಬೇಕಾದರೆ ಅನುಪಾತ ಗೊತ್ತಿರಬೇಕಾಗಿತ್ತು. ಅನುಪಾತಕ್ಕಾಗಿ ಗಣಿತದ ಮೇಡಂ ಹತ್ತಿರ ಹೋದೆ. ಹಾಗೆ ಒಂದಕ್ಕೊಂದು ತಗಲಿಕೊಂಡು ಒಂಬತ್ತನೇ ತರಗತಿ ಮುಗಿಯುವಷ್ಟರಲ್ಲಿ ನಾನು ಪಾಸಾಗುವವರ ಪೈಕಿ ಆಗಿದ್ದೆ.

ಮೇಷ್ಟ್ರ ಹೆಂಡತಿ ಸೆಲೀನಮ್ಮ. ಭಾನುವಾರ ಬೆಳಿಗ್ಗೆ ಚರ್ಚಿನ ಪೂಜೆ ಮುಗಿಸಿ ಗಂಡ ಹೆಂಡತಿ ಯಾವುದಾದರೊಂದು ಸಿಟಿ ಬಸ್ಸು ಹತ್ತಿ ಅದರ ಕೊನೇ ಸ್ಟಾಪಿನವರೆಗೆ ಹೋಗಿ, ಅಲ್ಲಿ ಸುತ್ತಾಡಿ ವಾಪಸ್ ಬರುತ್ತಿದ್ದರು. ಒಮ್ಮೆ ದಟ್ಟಗಳ್ಳಿಯಲ್ಲಿ ನನಗೆ ಸಿಕ್ಕಿದ್ದರು. ಆಗ ಅಲ್ಲಿ ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಮನೆಗಳಿನ್ನೂ ಅಲ್ಲೊಂದು ಇಲ್ಲೊಂದು. ಅಪ್ಪ ಆಟೋದಿಂದ ಇಟ್ಟಿಗೆ ಇಳಿಸುತ್ತಿದ್ದರು, ನಾನು ಜೊತೆಗಿದ್ದೆ. ಮೋರಿಕಟ್ಟೆಯ ಮೇಲೆ ಇಬ್ಬರೂ ಕೂತು ಡಬ್ಬಿಯಿಂದ ಪುಳಿಯೋಗರೆ ತಿನ್ನುತ್ತಿದ್ದರು. ನಾನು ನಮಸ್ಕಾರ ಎಂದಾಗ ಸೆಲೀನಮ್ಮ ನನ್ನ ಕೈಗೂ ಒಂದು ತುತ್ತು ಹಾಕಿ ಹೇಳಿದರು: “ನೋಡಮ್ಮ, ಬೇರೆ ಹೆಂಗಸ್ರನ್ನ ಗಂಡಂದ್ರು ಸಿನಿಮಾಗೆ ಕರ್ಕೊಂಡೋಗ್ತಾರೆ. ನಿಮ್ ಮೇಷ್ಟ್ರು ನಂಗೆ ಹಳ್ಳ ತೋರಿಸ್ತಾರೆ.” ಮೇಷ್ಟ್ರು ಬಾಯಲ್ಲಿ ಅನ್ನ ಇಟ್ಟುಕೊಂಡೇ, “ಸಿನಿಮಾಗೆ ಟಿಕೆಟ್ ಬೇಕು, ಹಳ್ಳಕ್ಕೆ ಬೇಡ,” ಎಂದರು. “ಹೂಂ, ಅದ್ಕೇ,” ಎಂದು ಆಕೆ ನಕ್ಕರು.

ನಾವು ಹತ್ತನೇ ತರಗತಿಗೆ ಬರುವ ಮುಂಚಿನ ಬೇಸಿಗೆ ರಜೆಯಲ್ಲಿ ಸೆಲೀನಮ್ಮ ತೀರಿಕೊಂಡರು. ಜ್ವರ ಎಂದು ಮಲಗಿದವರು ಏಳಲಿಲ್ಲವಂತೆ. ಶಾಲೆ ಶುರುವಾದ ಮೇಲೆ ನಮಗೆ ಗೊತ್ತಾಯಿತು.

ಜೂನ್ ತಿಂಗಳಲ್ಲಿ ಮೇಷ್ಟ್ರು ತರಗತಿಗೆ ಬಂದರು. ಕುರ್ಚಿಯಲ್ಲಿ ಕೂತರು, ಪಠ್ಯಪುಸ್ತಕ ತೆಗೆದರು, ಓದಲು ಶುರು ಮಾಡಿದರು. ಪ್ಯಾರಾ ಮುಗಿದರೆ ಮುಂದಿನ ಪ್ಯಾರಾ. ಯಾರಾದರೂ ಏನಾದರೂ ಕೇಳಿದರೆ ಅದು ಯಾವ ಪುಟದಲ್ಲಿದೆ ಎಂದು ಹೇಳುತ್ತಿದ್ದರು. ಬೆಲ್ ಹೊಡೆದ ಕ್ಷಣ ಪುಸ್ತಕ ಮುಚ್ಚಿ ಹೊರಡುತ್ತಿದ್ದರು. ನೀರಿನ ಬಾಟಲಿ ತರುವುದನ್ನೂ ಬಿಟ್ಟಿದ್ದರು. ಅವರು ಸಿಡುಕುತ್ತಿರಲಿಲ್ಲ, ರಜೆ ಹಾಕುತ್ತಿರಲಿಲ್ಲ. ಯಾರೂ ದೂರು ಹೇಳುವಂಥದ್ದು ಏನೂ ಇರಲಿಲ್ಲ.

ನಾನು ಓದುವುದನ್ನು ಬಿಟ್ಟೆ. ದುಃಖಕ್ಕೆ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಪುಸ್ತಕ ತೆರೆಯಬೇಕು ಅನ್ನಿಸುವುದು ನಿಂತುಹೋಯಿತು, ಅಷ್ಟೇ. ಮೊದಲ ಕಿರುಪರೀಕ್ಷೆಯಲ್ಲಿ ಗಣಿತದಲ್ಲೂ ವಿಜ್ಞಾನದಲ್ಲೂ ಫೇಲಾದೆ. ಅಮ್ಮ ಬೈಯಲಿಲ್ಲ. ಅತ್ತೆಗೆ ಫೋನ್ ಮಾಡಿ, “ಮಾರ್ಚ್ ಆಗ್ಲಿ, ಬರ್ತಾಳೆ,” ಎಂದರು.

ಜುಲೈನಲ್ಲಿ ನದಿಗಳ ಪಾಠ ಬಂತು. ಕಪ್ಪು ಬಟ್ಟೆಯ ಮೇಲೆ ಬರೆದ ಕರ್ನಾಟಕದ ಖಾಲಿ ನಕ್ಷೆಯನ್ನು ಬೋರ್ಡಿಗೆ ತೂಗುಹಾಕಿ, ಕಾವೇರಿಯನ್ನು ಗುರುತಿಸು ಎಂದು ಮೇಷ್ಟ್ರು ನನ್ನನ್ನು ಕರೆದರು. ಕರೆದವರು ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸಿದರು. ನನಗೆ ಕೊಡಗು ಗೊತ್ತಿತ್ತು. ಅಲ್ಲಿ ಸೀಮೆಸುಣ್ಣ ಇಟ್ಟೆ. ಅಲ್ಲಿಂದ ಎತ್ತ ಹೋಗಬೇಕೆಂದು ಯೋಚಿಸಿದೆ. ಎಡಗಡೆ ಸಮುದ್ರ ಒಂದು ಬೆರಳಿನಷ್ಟು ದೂರದಲ್ಲಿತ್ತು. ಗೆರೆಯನ್ನು ನೇರ ಮಂಗಳೂರಿನ ಕಡೆಗೆ ಎಳೆದು ಸಮುದ್ರಕ್ಕೆ ಸೇರಿಸಿಬಿಟ್ಟೆ. ಕಾವೇರಿ ನೀರು ಕುಡಿದೇ ಬೆಳೆದ ಮೈಸೂರಿನ ಹುಡುಗಿ ಹೀಗೆ ಮಾಡಿದ್ದಕ್ಕೆ ಇಡೀ ತರಗತಿ ಗೊಳ್ಳೆಂದಿತು.

ಮೇಷ್ಟ್ರು ತಲೆಯೆತ್ತಿದರು. ನಕ್ಷೆಯನ್ನೇ ಬಹಳ ಹೊತ್ತು ನೋಡಿದರು.

“ಭಾಗ್ಯ, ಯಾಕಮ್ಮ ಅತ್ಲಾಗ್ ಎಳೆದೆ?”

ನನಗೆ ಅಳು ಬರುವುದರಲ್ಲಿತ್ತು. “ಸಮುದ್ರ ಆ ಕಡೆ ಹತ್ರ ಅಲ್ವಾ ಸಾರ್. ಹತ್ರದ್ದು ಬಿಟ್ಟು ದೂರದ್ದಕ್ಕೆ ಯಾಕೆ ಹೋಗುತ್ತೆ?”

ಅವರು ಎದ್ದರು. ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ನಗುತ್ತಿದ್ದವರು ಸುಮ್ಮನಾದರು. ಮೇಷ್ಟ್ರು ಬೋರ್ಡಿನ ಹತ್ತಿರ ಬಂದು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡರು. “ನಗ್ತೀರಲ್ಲ, ಅವಳು ಕೇಳಿದ್ದಕ್ಕೆ ನಿಮ್ಮಲ್ಲಿ ಯಾರಿಗಾದ್ರೂ ಉತ್ತರ ಗೊತ್ತಾ? ಕಾವೇರಿ ಪೂರ್ವಕ್ಕೆ ಹರಿಯುತ್ತೆ ಅಂತ ಬಾಯಿಪಾಠ ಮಾಡಿದ್ದೀರ. ಮಗ್ಗುಲಲ್ಲಿ ಸಮುದ್ರ ಇಟ್ಕೊಂಡು ಅಷ್ಟು ದೂರ ಯಾಕೆ ಹೋಯ್ತು ಅಂತ ಕೇಳಿದ್ದೀರಾ?” ಎಂದು ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ತೆಗೆದು ಒಂದು ಅಂಚಿಗೆ ಡಸ್ಟರು ಕೊಟ್ಟು ಎತ್ತರಿಸಿದರು. ಎತ್ತರದ ಅಂಚು ಘಟ್ಟ, ಇಳಿಜಾರು ನಮ್ಮ ನಾಡು. ಘಟ್ಟದ ನೆತ್ತಿಯಿಂದ ಕೊಂಚವೇ ಈಚೆಗೆ ಬಿದ್ದ ನೀರಿಗೆ ಪಡುವಣ ಸಮುದ್ರ ಕೂಗಳತೆಯಲ್ಲಿದ್ದರೂ ದಾರಿಯಿಲ್ಲ. ಅದು ನೆಲ ಬಗ್ಗಿದ ಕಡೆಗೇ ಹೋಗಬೇಕು. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಬೆಲ್ ಹೊಡೆದು ಎಷ್ಟೋ ಹೊತ್ತಾಗಿತ್ತು. ಬಾಗಿಲಲ್ಲಿ ಹಿಂದಿ ಮೇಡಂ ನಿಂತಿದ್ದರು. ಅವರು ಕೆಮ್ಮಲಿಲ್ಲ.

ಮಾರನೇ ದಿನ ಮೇಷ್ಟ್ರು ಮತ್ತೆ ಕುರ್ಚಿಯಲ್ಲಿ ಕೂತು ಪುಸ್ತಕ ಓದಿದರು.

ಆದರೆ ನನ್ನ ಗೆಳತಿ ಶೀಲಾ ಒಂದು ವಿಷಯ ಕಂಡುಕೊಂಡಿದ್ದಳು. ಅವಳ ಅಪ್ಪನಿಗೆ ನಮ್ಮ ಬೀದಿಯ ತಿರುವಿನಲ್ಲಿ ಬೇಕರಿ ಇತ್ತು. ಸಂಜೆ ಅದರ ಹಿಂದಿನ ಕೋಣೆಯಲ್ಲಿ ನಾವು ಕೂರುತ್ತಿದ್ದೆವು. “ಸಾರ್‌ಗೆ ತಪ್ಪು ಕಂಡ್ರೆ ಕೂತ್ಕೊಳಕ್ಕಾಗಲ್ಲ ಕಣೇ. ದಿನಾ ಒಂದು ತಪ್ಪು ಮಾಡೋಣ,” ಎಂದಳು. ಮಾರನೇ ದಿನ ಅವಳೇ ಹೋಗಿ ಹಿಮಾಲಯವನ್ನು ತಮಿಳುನಾಡಿನಲ್ಲಿ ಬರೆದಳು. ಮೇಷ್ಟ್ರು ಬಂದು ಡಸ್ಟರಿನಿಂದ ಒರೆಸಿ, ಮತ್ತೆ ಪುಸ್ತಕ ಹಿಡಿದು ಕೂತರು. ಅದರ ಮಾರನೇ ದಿನ ಇನ್ನೊಬ್ಬ ಗಂಗಾನದಿಯನ್ನು ಆಫ್ರಿಕಾದಲ್ಲಿ ಹರಿಸಿದ. ಅದಕ್ಕೂ ಡಸ್ಟರೇ.

ಬೇಕರಿಯ ಕೋಣೆಯಲ್ಲಿ ನಮ್ಮ ಜೊತೆ ಮಾದೇವನೂ ಇರುತ್ತಿದ್ದ. ಮಂಡಕಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗ, ಬನ್ನಿನ ಆಸೆಗೆ ನಮ್ಮ ಜೊತೆ ಕೂರುತ್ತಿದ್ದ. ಅವನು ಹೇಳಿದ: “ಅಂಗಲ್ಲ ಕಣ್ರೇ. ಭಾಗ್ಯ ಮಾಡಿದ್ ತಪ್ಪಿಗೆ ಒಂದು ಕಾರಣ ಇತ್ತು. ನೀವು ಮಾಡೋದು ಬರೀ ಪೆದ್ದುತನ. ಪೆದ್ದುತನಕ್ಕೆ ಸಾರ್ ಯಾಕೆ ಏಳ್ತಾರೆ?”

ಅವನು ಹೇಳಿದ್ದು ಸರಿ ಇತ್ತು. ಸರಿಯಂತೆ ಕಾಣುವ ತಪ್ಪು ಬೇಕಾಗಿತ್ತು. ಅಂಥದ್ದನ್ನು ಮಾಡಲು ಮೊದಲು ಸರಿ ಯಾವುದು ಎಂದು ಗೊತ್ತಿರಬೇಕು. ನಾವು ಪಾಠವನ್ನು ಓದತೊಡಗಿದೆವು. ಓದಿ, ಇಲ್ಲಿ ಒಬ್ಬ ಬುದ್ಧಿವಂತ ಎಲ್ಲಿ ಎಡವಬಹುದು ಎಂದು ಹುಡುಕುತ್ತಿದ್ದೆವು. ಅಕ್ಟೋಬರಿನಲ್ಲಿ ಮೈಸೂರಿಗೆ ಬರುವ ಮಳೆಯೂ ಅರಬ್ಬೀ ಸಮುದ್ರದಿಂದಲೇ ಬರುತ್ತದೆ, ಏಕೆಂದರೆ ಜೂನಿನ ಮಳೆ ಅಲ್ಲಿಂದ ಬರುತ್ತದೆ ಎಂದು ಶೀಲಾ ಬರೆದಳು. ಮೇಷ್ಟ್ರು ಡಸ್ಟರು ಕೈಗೆತ್ತಿಕೊಂಡವರು ಅಲ್ಲೇ ನಿಂತರು. ಡಸ್ಟರನ್ನು ಕೆಳಗಿಟ್ಟು ಗಾಳಿ ಹೇಗೆ ತಿರುಗುತ್ತದೆ ಎಂದು ಬಾಣದ ಗುರುತು ಹಾಕತೊಡಗಿದರು. ಎತ್ತರಕ್ಕೆ ಹೋದಷ್ಟೂ ಸೂರ್ಯನಿಗೆ ಹತ್ತಿರವಾಗುವುದರಿಂದ ಊಟಿಯಲ್ಲಿ ಸೆಕೆ ಹೆಚ್ಚಿರಬೇಕು ಎಂದು ನಾನು ಬರೆದೆ. ಅದಕ್ಕೆ ಒಂದು ಪೂರ್ತಿ ಪೀರಿಯಡ್ ಹಿಡಿಯಿತು. ವಾರಕ್ಕೊಂದು ಸಲ ಹೀಗಾಗುತ್ತಿತ್ತು. ಉಳಿದ ದಿನ ಪುಸ್ತಕ ಓದುತ್ತಿದ್ದರು. ನಮ್ಮ ತಪ್ಪುಗಳಲ್ಲಿ ಎಲ್ಲವೂ ಚೆನ್ನಾಗಿರುತ್ತಿರಲಿಲ್ಲ.

ದಸರಾ ರಜೆಗೆ ಮುಂಚಿನ ವಾರ ಹೆಡ್ ಮಿಸ್ ನಮ್ಮ ತರಗತಿಗೆ ಬಂದು, ರಜೆ ಮುಗಿದ ಮೇಲೆ ಸಮಾಜಕ್ಕೆ ಬೇರೆಯವರು ಬರಬಹುದು, ಇನ್ನಾಸಪ್ಪನವರು ಕೆಲಸ ಬಿಡುವುದಾಗಿ ಹೇಳಿದ್ದಾರೆ, ನೀವು ಗಾಬರಿಯಾಗಬೇಡಿ ಎಂದರು. ಸಂಜೆ ಬೇಕರಿಯಲ್ಲಿ ಶೀಲಾಳ ಅಪ್ಪ ಏನಾಯಿತೆಂದು ಕೇಳಿ, ನಾವು ಹೇಳಿದ್ದನ್ನು ಕೇಳಿಸಿಕೊಂಡು, “ಬುಡ್ರಮ್ಮ, ಹೆಂಡ್ತಿ ಹೋದ್ಮೇಲೆ ಗಂಡಸಿಗೆ ಹತ್ತು ಗಂಟೆಗೆ ಅಂಗಿ ಹಾಕ್ಕೊಂಡು ಹೊರಡೋದೂ ಕಷ್ಟ,” ಎಂದರು.

ಮಾದೇವ ತನ್ನ ಬನ್ನು ಮುಗಿಸಿ ಕೈ ಒರೆಸಿಕೊಂಡು ಹೇಳಿದ: “ಒಂದು ತಪ್ಪೈತೆ ನನ್ ತಾವ. ಒರ್ಸೋಕೆ ಮುಂಚೆ ಬೆಲ್ ಹೊಡೀಬೇಕು, ಅಂಗ್ ಮಾಡ್ಬೇಕು.”

ರಜೆಗೆ ಮುಂಚಿನ ಕೊನೆಯ ದಿನ ಕೊನೆಯ ಪೀರಿಯಡ್ ಸಮಾಜ. ಮೇಷ್ಟ್ರು ಪುಸ್ತಕ ಓದಿದರು. ಪೀರಿಯಡ್ ಮುಗಿಯುವ ಹೊತ್ತಿಗೆ ಮಾದೇವ ಕೈಯೆತ್ತಿ, ರಜೆಯ ಹೋಂವರ್ಕ್ ಬೋರ್ಡಿನ ಮೇಲೆ ಬರೆಯಲೇ ಎಂದು ಕೇಳಿದ. ಅವರು ನೋಡದೆಯೇ ಹೂಂ ಎಂದರು. ಅವನು ದಪ್ಪ ಅಕ್ಷರದಲ್ಲಿ ಬರೆದ: ‘ಚಾಮುಂಡಿ ಬೆಟ್ಟ ಒಂದು ಆರಿಹೋದ ಜ್ವಾಲಾಮುಖಿ. ಆದ್ದರಿಂದಲೇ ಅದು ಒಂಟಿಯಾಗಿದೆ.’ ಅವನು ಚುಕ್ಕೆ ಇಡುವುದಕ್ಕೂ ಉದ್ದದ ಬೆಲ್ ಹೊಡೆಯುವುದಕ್ಕೂ ಸರಿಹೋಯಿತು. ನಾವೆಲ್ಲ ಚೀಲ ಹಾಕಿಕೊಂಡು ಎದ್ದೆವು. ಮೇಷ್ಟ್ರು ಬೋರ್ಡಿನ ಕಡೆ ನೋಡಿದರು. ಜವಾನ ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಹೇಳಿಸಿಕೊಳ್ಳಲು ನಾವ್ಯಾರೂ ನಿಲ್ಲಲಿಲ್ಲ.

ರಜೆ ಮುಗಿದು ಬಂದ ದಿನ ಬೋರ್ಡಿನ ಮೇಲೆ ಆ ಸಾಲು ಹಾಗೇ ಇತ್ತು. ನಾವು ಬಾಗಿಲನ್ನೇ ನೋಡುತ್ತಾ ಕೂತಿದ್ದೆವು. ಯಾರೋ ಹೊಸ ಮೇಡಂ ಬಂದರೆ ಹೇಗೆ ನಮಸ್ಕಾರ ಹೇಳುವುದೆಂದು ಶೀಲಾ ಪಿಸುಗುಟ್ಟುತ್ತಿದ್ದಳು. ಮೇಷ್ಟ್ರೇ ಬಂದರು. ಕೈಯಲ್ಲಿ ಪಠ್ಯಪುಸ್ತಕ ಇರಲಿಲ್ಲ. ಒಂದು ಕಲ್ಲನ್ನು ಮೇಜಿನ ಮೇಲಿಟ್ಟರು. ತೆಂಗಿನಕಾಯಿಯಷ್ಟು ದೊಡ್ಡದು, ನಸುಗೆಂಪು ಬಣ್ಣ.

“ಯಾವನೋ ಅದು ಬರೆದಿದ್ದು? ಎದ್ನಿಂತ್ಕೊ.”

ಮಾದೇವ ಎದ್ದು ನಿಂತ.

“ರಜಾ ಪೂರ್ತಿ ತಿಂದ್ಬುಟ್ಟೆ ಕಣೋ ನನ್ನ. ಜಂಬೂಸವಾರಿ ದಿನ ಊರೆಲ್ಲ ಅರಮನೆ ಕಡೆ ಹೋಗ್ತಿದ್ರೆ ನಾನು ಬೆಟ್ಟದ ಮೆಟ್ಲು ಹತ್ತಿದೀನಿ. ಈ ಕಲ್ಲು ನೋಡು. ಒಳಗೆ ಕಾಳು ಕಾಳಾಗಿದೆಯಲ್ಲ, ಸಕ್ಕರೆ ಮಿಠಾಯಿ ಮುರಿದ ಹಾಗೆ? ಕಾಳು ಇಷ್ಟು ದಪ್ಪ ಕಟ್ಟಬೇಕಾದ್ರೆ ನಿಧಾನಕ್ಕೆ ಆರಬೇಕು. ನಿಧಾನಕ್ಕೆ ಆರಬೇಕಾದ್ರೆ ಭೂಮಿ ಒಳಗೇ ಇರಬೇಕು. ಜ್ವಾಲಾಮುಖಿಯಿಂದ ಹೊರಗೆ ಬಂದಿದ್ರೆ ಗಾಳಿ ಬಡಿದು ಬೇಗ ಆರೋದು, ಕಾಳೇ ಕಾಣ್ತಿರ್ಲಿಲ್ಲ. ಇದು ಹೊರಗೆ ಬರಲೇ ಇಲ್ಲ ಕಣೋ. ಒಳಗೇ ಬೆಂದು ಒಳಗೇ ಆರಿ ಕೂತಿತ್ತು. ಮೇಲಿದ್ದ ನೆಲ ಎಲ್ಲ ಮಳೆಗೆ ಕೊಚ್ಚಿಹೋಗಿ ಇದೊಂದು ಉಳೀತು. ಒಂಟಿ ಅಂತ ಬರೆದಿದ್ದೀಯಲ್ಲ, ಒಂಟಿಯಾಗಿದ್ದು ಹಾಗೆ.”

ನಮ್ಮನ್ನೆಲ್ಲ ಕಿಟಕಿಯ ಹತ್ತಿರ ಕರೆದರು. ಬೆಟ್ಟ ಕಾಣುತ್ತಿತ್ತು. ಈಗ ಅದರ ಸುತ್ತ, ಅದರ ಎತ್ತರಕ್ಕೂ ಮೀರಿ, ಮಣ್ಣು ತುಂಬಿಕೊಂಡಿರುವಂತೆ ಊಹಿಸಿ ಎಂದರು. ನಾವು ಕೂತಿರುವ ಶಾಲೆ ಆ ಮಣ್ಣಿನ ಎಷ್ಟೋ ಕೆಳಗೆ ಹೂತುಹೋಗಿದೆ ಎಂದುಕೊಳ್ಳಿ ಎಂದರು. ನಲವತ್ತು ಮಕ್ಕಳು ಕಿಟಕಿಗೆ ಮೂಗು ಒತ್ತಿ ಇಲ್ಲದ ಮಣ್ಣನ್ನು ನೋಡುತ್ತಿದ್ದೆವು. ಕಲ್ಲು ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬಂದಾಗ ಬೆಚ್ಚಗಿತ್ತು.

ಅವರು ಕೆಲಸ ಬಿಡಲಿಲ್ಲ. ನಿವೃತ್ತಿಯ ವಯಸ್ಸು ಬರುವವರೆಗೆ ಅದೇ ಶಾಲೆಯಲ್ಲಿದ್ದರು. ಮೊದಲಿನ ಹಾಗೆ ಪೂರ್ತಿ ಆದರು ಎಂದು ಹೇಳಲಾರೆ. ಕೆಲವು ದಿನ ಪುಸ್ತಕವನ್ನೇ ಓದುತ್ತಿದ್ದರು, ಭಾನುವಾರದ ಬಸ್ಸು ಮತ್ತೆ ಹತ್ತಲಿಲ್ಲ. ಆದರೆ ಭೂಗೋಳದ ದಿನ ಕುರ್ಚಿ ಬಿಟ್ಟು ಏಳುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಅತ್ತೆಯ ಅಂಗಡಿಗೆ ಬೇರೆ ಹುಡುಗಿ ಬಂದಳು. ಡಿಪ್ಲೊಮಾ ಮಾಡಿ, ಪರೀಕ್ಷೆ ಬರೆದು, ಭೂಮಾಪಕಿಯಾಗಿ ಕೆಲಸಕ್ಕೆ ಸೇರಿದೆ. ಹೊಲಗಳ ಗಡಿ ಅಳೆಯುವುದು ನನ್ನ ಕೆಲಸ. ಶೀಲಾ ಅಪ್ಪನ ಬೇಕರಿ ನಡೆಸುತ್ತಿದ್ದಾಳೆ. ಮಾದೇವ ಜೆಸಿಬಿ ಇಟ್ಟಿದ್ದಾನೆ. ಜ್ವಾಲಾಮುಖಿ ಅವನದೇ ತಲೆಯಿಂದ ಬಂದದ್ದಾದರೂ ಅವನ ಮೇಲೆ ಭೂಗೋಳದ ಗಾಳಿ ಬೀಸಲಿಲ್ಲ. “ನಂಗೆ ಸಮಾಜ ಅಂದ್ರೆ ಅವತ್ತೂ ಬೇಜಾರು, ಇವತ್ತೂ ಬೇಜಾರು. ಮೇಷ್ಟ್ರು ಇಷ್ಟ ಆಗಿದ್ರು, ಅಷ್ಟೇ,” ಎನ್ನುತ್ತಾನೆ. ಒಬ್ಬರ ಉತ್ಸಾಹ ಎಲ್ಲರಿಗೂ ಅಂಟುತ್ತದೆ ಎಂದು ಯಾರಾದರೂ ಭಾಷಣ ಮಾಡಿದರೆ ನನಗೆ ಮಾದೇವ ನೆನಪಾಗುತ್ತಾನೆ.

ಮೇಷ್ಟ್ರು ಕೊನೆಯ ವರ್ಷಗಳನ್ನು ದಟ್ಟಗಳ್ಳಿಯಲ್ಲಿ ಮಗಳು ಅಳಿಯನ ಮನೆಯಲ್ಲಿ ಕಳೆದರು. ಹೋದ ವರ್ಷ ಬೇಸಿಗೆಯಲ್ಲಿ ನಾನು ಅವರನ್ನು ನೋಡಲು ಹೋದೆ. ಮಂಡಿ ನೋವಿಗೆ ಹೆಚ್ಚು ಓಡಾಡುತ್ತಿರಲಿಲ್ಲ. ಮಗಳು ಕಾಫಿ ಕೊಟ್ಟು ಒಳಗೆ ಹೋದರು. ನಾನು ಎಷ್ಟೋ ವರ್ಷದಿಂದ ಹೇಳಬೇಕೆಂದಿದ್ದದ್ದನ್ನು ಹೇಳಿದೆ.

“ಸಾರ್, ಆ ವರ್ಷ ನಾವು ಬೇಕೂಂತ್ಲೇ ತಪ್ಪು ಬರೀತಿದ್ವಿ.”

“ಗೊತ್ತು ಕಣಮ್ಮ. ಊಟಿ ಸೆಕೆ ಅಂತ ನೀನು ಬರೆದಾಗಲೇ ಗೊತ್ತಾಯ್ತು. ಅಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡೋಕೆ ಓದ್ಕೊಂಡ್ ಬರ್ಬೇಕು.”

“ಮತ್ತೆ ಯಾಕೆ ಸುಮ್ನಿದ್ರಿ?”

“ಗೊತ್ತಿದ್ರೇನು, ತಪ್ಪು ತಪ್ಪೇ ಅಲ್ವಾ? ಬೋರ್ಡ್ ಮೇಲೆ ಬಿಡೋಕಾಗುತ್ತಾ?” ಕಾಫಿ ಲೋಟವನ್ನು ಕೆಳಗಿಟ್ಟರು. “ನಿಂಗೆ ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಎಲ್ರೂ ಬಂದು, ಸಾರ್ ನೀವು ನಮ್ಮನ್ನ ತಿದ್ದಿದ್ರಿ, ನಮ್ಮೇಲೆ ಪ್ರೀತಿ ಇಟ್ಕೊಂಡಿದ್ರಿ ಅಂತಾರೆ. ನಾನು ನಿಮ್ಮನ್ನ ಉದ್ಧಾರ ಮಾಡೋಕೆ ಅಂತ ಬರ್ತಿರ್ಲಿಲ್ಲ. ನಂಗೆ ಆ ಹೊಳೆ, ಆ ಬೆಟ್ಟದ ಹುಚ್ಚು. ಮನೇಲಿ ಸೆಲೀನಾಗೆ ಹೇಳ್ತಿದ್ದೆ, ಶಾಲೇಲಿ ನಿಮಗೆ ಹೇಳ್ತಿದ್ದೆ. ಅವಳು ಹೋದ್ಮೇಲೆ, ಯಾರಿಗೆ ಹೇಳಿ ಏನಾಗ್ಬೇಕು ಅನ್ಸ್ಬುಡ್ತು. ನೀವು ತಪ್ಪು ಬರೆದಾಗ ನಿಮ್ಮೇಲೆ ಕನಿಕರ ಬಂದು ಎದ್ದಿದ್ದಲ್ಲ. ಸಿಟ್ಟು ಬಂದು ಎದ್ದಿದ್ದು.”

ನನಗೆ ಬೇಜಾರಾಯಿತೋ ಇಲ್ಲವೋ ಆಗ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಅವರು ಹೇಳಿದ್ದು ಸರಿ ಅನ್ನಿಸಿತು. ಮಳೆಯಲ್ಲಿ ನನ್ನನ್ನು ನಿಲ್ಲಿಸಿದ ದಿನ ಅವರು ನನ್ನ ಮುಖ ನೋಡಲೇ ಇಲ್ಲ. ನೀರನ್ನು ನೋಡುತ್ತಿದ್ದರು. ನಾನೂ ಅದಕ್ಕೇ ನೀರನ್ನು ನೋಡಿದ್ದು.

ಅಂದು ಹೊರಡುವ ಮೊದಲು ನನ್ನ ಕೆಲಸದ ಬಗ್ಗೆ ಕೇಳಿದರು. ಮಂಡಕಳ್ಳಿಯ ಆಚೆಯ ಒಂದು ಹಳ್ಳಿಯನ್ನು ಡ್ರೋನ್ ಹಾರಿಸಿ ಅಳೆದಿದ್ದೆವು. ಆ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕವನ್ನು ಹಣೆಗೆ ಏರಿಸಿ, ಮೊಬೈಲನ್ನು ಮೂಗಿಗೆ ತಂದುಕೊಂಡು ನೋಡಿದರು. ಎರಡು ಬೆರಳಿನಿಂದ ದೊಡ್ಡದು ಮಾಡುವುದನ್ನು ನಾನು ಹೇಳಿಕೊಟ್ಟೆ. ಕೂಡಲೇ ಕಲಿತರು. ಹಳ್ಳಿಯ ಕೆರೆಯ ಏರಿಯ ಮೇಲೆ ಬೆರಳು ನಿಂತಿತು.

“ಏರಿ ನೆಟ್ಟಗೆ ಬಂದಿದ್ದು ಇಲ್ಲಿ ಯಾಕಮ್ಮ ಸೊಟ್ಟಗಾಗಿದೆ? ನೆಟ್ಟಗೆ ಕಟ್ಟಿದ್ರೆ ಮಣ್ಣು ಕಮ್ಮಿ ಸಾಕಾಗ್ತಿತ್ತಲ್ಲ.”

ನಾನು ಆ ಏರಿಯ ಉದ್ದವನ್ನು ಅಳೆದಿದ್ದೆ, ಸರ್ವೆ ನಂಬರು ಬರೆದಿದ್ದೆ. ಸೊಟ್ಟಗಿದೆ ಎನ್ನುವುದನ್ನು ನೋಡಿರಲಿಲ್ಲ.

“ಗೊತ್ತಿಲ್ಲ ಸಾರ್.”

“ನಂಗೂ ಗೊತ್ತಿಲ್ಲ,” ಎಂದರು. ಅವರ ಮುಖ ಅರಳಿತ್ತು. “ಮಳೆ ಹಿಡಿಯೋಕ್ ಮುಂಚೆ ಹೋಗಿ ನೋಡ್ಕೊಂಡ್ ಬಾ. ನೀರು ತುಂಬಿದ್ರೆ ಬುಡ ಕಾಣಲ್ಲ.”

ಹೋಗುತ್ತೇನೆ ಎಂದೆ. ಹೋಗಲಿಲ್ಲ. ಆಫೀಸಿನಲ್ಲಿ ಕೆಲಸವಿತ್ತು, ನನ್ನ ಮಗಳಿಗೆ ಶಾಲೆ ಶುರುವಾಗುವುದರಲ್ಲಿತ್ತು. ಮುಂಗಾರು ಹಿಡಿದ ವಾರ ಮೇಷ್ಟ್ರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಒರಗಿದವರು ಹಾಗೇ ಇದ್ದರಂತೆ. ಚರ್ಚಿಗೆ ಶೀಲಾ, ನಾನು, ಮಾದೇವ ಹೋಗಿದ್ದೆವು. ಸಮಾಧಿ ಸ್ಥಳದಲ್ಲಿ ಸೆಲೀನಮ್ಮನ ಪಕ್ಕದಲ್ಲೇ ಜಾಗ ಇಟ್ಟಿದ್ದರು. ಗುಂಡಿಯಲ್ಲಿ ನೀರು ನಿಂತಿತ್ತು, ಮಾದೇವ ಇಳಿದು ಬಕೆಟ್ಟಿನಲ್ಲಿ ಮೊಗೆದು ಹಾಕಿದ.

ಈ ವರ್ಷ ಬೇಸಿಗೆ ಬಂದಾಗ, ಒಂದು ಭಾನುವಾರ ಬೆಳಿಗ್ಗೆ, ಮನೆಯಲ್ಲಿ ಯಾರಿಗೂ ಸರಿಯಾದ ಕಾರಣ ಹೇಳಲು ಬಾರದೆ ಸ್ಕೂಟರ್ ತೆಗೆದುಕೊಂಡು ಆ ಹಳ್ಳಿಗೆ ಹೋದೆ. ಅಂದು ನನಗೆ ಡ್ಯೂಟಿ ಇರಲಿಲ್ಲ, ಅಳೆಯುವುದೂ ಏನೂ ಇರಲಿಲ್ಲ. ಕೆರೆ ಬತ್ತಿತ್ತು. ಏರಿ ಸೊಟ್ಟಗಾಗುವ ಕಡೆ ಇಳಿದು ನೋಡಿದೆ. ಬುಡದಲ್ಲಿ ಒಂದು ಬಂಡೆ ನೆಲದಿಂದ ಎದ್ದು ಏರಿಯೊಳಕ್ಕೆ ಹೋಗಿತ್ತು, ಆನೆಯ ಬೆನ್ನಿನ ಹಾಗೆ. ಕಟ್ಟಿದವರು ಬಂಡೆಗೇ ಏರಿಯನ್ನು ಒರಗಿಸಿದ್ದರು. ಅದರ ಆಸರೆ ಸಿಕ್ಕಲಿ ಎಂದೇ ಅಷ್ಟೊಂದು ಹೆಚ್ಚಿನ ಮಣ್ಣು ಹೊತ್ತುಹಾಕಿ ಸುತ್ತಿ ಬಂದಿದ್ದರು. ಬಂಡೆಯ ಮೇಲೆ ಕೂತೆ. ಖುಷಿಯಾಗಿತ್ತು. ಹೇಳಬೇಕಾದವರು ಇರಲಿಲ್ಲ.

ಶೀಲಾಗೆ ಫೋನ್ ಮಾಡಿದೆ. ಹಿಂದೆ ಬೇಕರಿಯ ಗದ್ದಲ ಕೇಳುತ್ತಿತ್ತು. ಎಲ್ಲವನ್ನೂ ಹೇಳಿದೆ. ಅವಳು ಯಾರಿಗೋ ಚಿಲ್ಲರೆ ಕೊಟ್ಟಳು.

“ಸರಿ ಕಣೇ, ಬಂಡೆಗೆ ಒರಗಿಸಿದ್ರು. ಸುತ್ತ ಎಲ್ಲ ಮಣ್ಣು ಇರೋವಾಗ ಅಲ್ಲಿ ಒಂದೇ ಒಂದು ಬಂಡೆ ಯಾಕಿದೆ?” ಎಂದಳು.

ನಾನು ಎದ್ದು ಸುತ್ತ ನೋಡಿದೆ.

“ಗೊತ್ತಿಲ್ಲ. ಇರು, ಇಡ್ಬೇಡ,” ಎಂದು ಫೋನನ್ನು ಕಿವಿಗೆ ಒತ್ತಿಕೊಂಡೇ ಬಂಡೆಯಿಂದ ಇಳಿದು ಅದರ ಆ ಕಡೆಯ ಮಗ್ಗುಲಿಗೆ ನಡೆದೆ.